ಬರಾಂಜ್ ಗಣಿಯ ನೀರನ್ನು ಮೇ ತಿಂಗಳಲ್ಲಷ್ಟೇ ನೋಡಿದರೆ ಸಾಲದು

ಇವರಿಗೆ: ವ್ಯವಸ್ಥಾಪಕ ನಿರ್ದೇಶಕರು, ಕರ್ನಾಟಕ ವಿದ್ಯುತ್ ನಿಗಮ, ಬೆಂಗಳೂರು
ಪ್ರತಿ: ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಚಂದ್ರಪುರ ಪ್ರಾದೇಶಿಕ ಕಚೇರಿ, ಕರ್ನಾಟಕದ ವಿದ್ಯುತ್ ಬಳಕೆದಾರರು

ಮಾನ್ಯರೇ,

ಬಳ್ಳಾರಿ ಪಕ್ಕದ ಕುಡತಿನಿಯ ಉಷ್ಣ ವಿದ್ಯುತ್ ಸ್ಥಾವರಕ್ಕೆಂದು ನಿಗಮ ಪಡೆದ ಕಲ್ಲಿದ್ದಲು ಗಣಿ ಇರುವುದು ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿ, ಭದ್ರಾವತಿ ತಾಲೂಕಿನ ಬರಾಂಜ್ ಸುತ್ತಮುತ್ತ (ನಮ್ಮ ಶಿವಮೊಗ್ಗದ ಭದ್ರಾವತಿ ಅಲ್ಲ). ಅಲ್ಲಿನ ಕಲ್ಲಿದ್ದಲು ಬ್ಲಾಕ್‌ಗಳು (ಅಗೆತಕ್ಕೆಂದು ಗುರುತಿಸಿದ ತುಂಡುಗಳು) ಹಂಚಿಕೆಯಾದದ್ದು 2003ರಲ್ಲಿ, ಅಗೆತ ಶುರುವಾದದ್ದು 2008ರಲ್ಲಿ. 2014ರ ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿದ 204 ಬ್ಲಾಕ್‌ಗಳಲ್ಲಿ ಇವೂ ಸೇರಿದ್ದವು. 2015ರ ಮಾರ್ಚ್ 31ಕ್ಕೆ ಕೆಲಸ ನಿಂತಿತು. ಹೊಸ ಕಾಯ್ದೆಯಡಿ ಬ್ಲಾಕ್‌ಗಳು ಮತ್ತೆ ನಿಗಮದ ಕೈಗೇ ಬಂದವು, ವರ್ಷಗಳ ಬಿಡುವಿನ ನಂತರ ಅಗೆತವೂ ಮರಳಿತು. ಅಗೆಯುವವರು ಗುತ್ತಿಗೆದಾರರೇ ಇರಲಿ, ಗಣಿ ನಿಗಮದ್ದು. ನಿಗಮ ಕರ್ನಾಟಕ ಸರ್ಕಾರದ್ದು. ಕರೆಂಟು ನಮ್ಮ ಮನೆಯಲ್ಲಿ ಉರಿಯುತ್ತದೆ, ನೀರು ಕೆಟ್ಟರೆ ಕೆಡುವುದು ಬರಾಂಜ್ ಮೊಕಾಸಾ, ಚಕ್ ಬರಾಂಜ್ ಕಡೆಯ ಹತ್ತಿ, ಸೋಯಾ ಬೆಳೆಗಾರರ ಬಾವಿಯಲ್ಲಿ. ಹಾಗಾಗಿ ಈ ಪತ್ರ ಕನ್ನಡದಲ್ಲಿದೆ.

ಅಲ್ಲಿನ ನೀರು ಕೆಟ್ಟಿದೆ ಎಂದು ನಾವು ಹೇಳುತ್ತಿಲ್ಲ. ಕೆಟ್ಟಿದೆಯೋ ಇಲ್ಲವೋ ಎಂದು ಖಚಿತವಾಗಿ ಹೇಳಬಲ್ಲಂಥ ಅಳತೆ ಆಗಬೇಕು, ಅದರ ಅಂಕಿಗಳು ಎಲ್ಲರ ಕಣ್ಣೆದುರು ಇರಬೇಕು. ಕೇಳುತ್ತಿರುವುದು ಇಷ್ಟೇ. ಚಂದ್ರಪುರ ಸಾಮಾನ್ಯ ಜಿಲ್ಲೆಯಂತೂ ಅಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ದೇಶದ ಕೈಗಾರಿಕಾ ಪ್ರದೇಶಗಳಿಗೆ ಮಾಲಿನ್ಯದ ಅಂಕ ಕೊಟ್ಟಾಗ 83.88 ಪಡೆದು ‘ತೀವ್ರ ಮಾಲಿನ್ಯ’ದ ಪಟ್ಟಿಯ ಮೇಲ್ತುದಿಯಲ್ಲಿ ಕಾಣಿಸಿಕೊಂಡ ಊರು ಅದು. ಅಲ್ಲಿನ ನಾಲೆಗಳ (ಅಂದರೆ ಹಳ್ಳಗಳ) ನೀರು ವರ್ಧಾ ನದಿಗೆ, ವರ್ಧಾ ವೈನ್‌ಗಂಗೆಯ ಜೊತೆ ಕೂಡಿ ಪ್ರಾಣಹಿತೆಯಾಗಿ ಗೋದಾವರಿಗೆ ಹೋಗುತ್ತದೆ.

ಮೊದಲು ಷರತ್ತಿನ ವಿಚಾರ. ಕಲ್ಲಿದ್ದಲು ಗಣಿಗಳಿಗೆ ಕೊಡುವ ಪರಿಸರ ಅನುಮತಿ ಪತ್ರಗಳಲ್ಲಿ ಅಚ್ಚು ಹಾಕಿದಂತೆ ಬರುವ ಒಂದು ಷರತ್ತಿದೆ. ಅಂತರ್ಜಲದ ಮಟ್ಟವನ್ನು ವರ್ಷಕ್ಕೆ ನಾಲ್ಕು ಸಲ, ಅಂದರೆ ಮೇ, ಆಗಸ್ಟ್, ನವೆಂಬರ್, ಜನವರಿಯಲ್ಲಿ ಅಳೆಯಬೇಕು. ಗುಣಮಟ್ಟವನ್ನು ಮೇ ತಿಂಗಳಲ್ಲಿ ನೋಡಬೇಕು. ಮೇ ಎಂದರೆ ಮಳೆಗಾಲದ ಮುಂಚಿನ ತಿಂಗಳು. ಗಣಿಯಿಂದ ಅಗೆದು ಸುರಿದ ಮಣ್ಣಿನ ಗುಡ್ಡೆಗಳ ಮೇಲೆ ಏಳೆಂಟು ತಿಂಗಳಿನಿಂದ ಸಾಮಾನ್ಯವಾಗಿ ಒಂದು ಹದ ಮಳೆಯೂ ಬಿದ್ದಿರುವುದಿಲ್ಲ. ಆ ಗುಡ್ಡೆಗಳಲ್ಲಿ ಗಾಳಿಗೆ ತೆರೆದ ಪೈರೈಟ್ ಎಂಬ ಕಬ್ಬಿಣ, ಗಂಧಕದ ಖನಿಜ ನಿಧಾನವಾಗಿ ಆಕ್ಸಿಜನ್ ಹೀರಿ ಸಲ್ಫೇಟ್ ಲವಣವಾಗಿ ಮೇಲ್ಮೈಯಲ್ಲಿ ಕೂಡಿಕೊಳ್ಳುತ್ತದೆ, ಎಲ್ಲಿಗೂ ಹರಿಯದೆ ಕಾಯುತ್ತದೆ. ಜೂನ್‌ನಲ್ಲಿ ಮೊದಲ ಜೋರು ಮಳೆ ಹೊಡೆದ ದಿನ ಅಷ್ಟೂ ಕರಗಿ ಬುಡದ ಕಾಲುವೆಗೆ, ಅಲ್ಲಿಂದ ನಾಲೆಗೆ ಇಳಿಯುತ್ತದೆ. ಗಣಿಯ ಕೊಡುಗೆ ಏನು ಎಂದು ತಿಳಿಯಲು ವರ್ಷದಲ್ಲಿ ಸಿಗುವ ಅತ್ಯುತ್ತಮ ವಾರ ಅದು. ಮೇ ತಿಂಗಳ ಬಾಟಲಿಯಲ್ಲಿ ಅದರ ಸುಳಿವೂ ಇರುವುದಿಲ್ಲ. ಷರತ್ತು ಕನಿಷ್ಠ ಮಿತಿಯೇ ಹೊರತು ಗರಿಷ್ಠವಲ್ಲ. ಜೂನ್, ಜುಲೈಯಲ್ಲಿ ಮಾದರಿ ತೆಗೆಯಬೇಡಿ ಎಂದು ಯಾರೂ ಹೇಳಿಲ್ಲ.

ಎರಡನೆಯದು ಪಿಎಚ್, ಅಂದರೆ ನೀರು ಆಮ್ಲವೋ ಕ್ಷಾರವೋ ಎಂದು ಹೇಳುವ ಅಂಕಿ (7ಕ್ಕಿಂತ ಕೆಳಗೆ ಆಮ್ಲ). ಗಣಿಯ ನೀರು ಎಂದಾಕ್ಷಣ ಆಮ್ಲ ಎಂದುಕೊಳ್ಳುವವರು ಬಹಳ. ಅಸ್ಸಾಂ, ಮೇಘಾಲಯದ ಗಂಧಕ ತುಂಬಿದ ಕಲ್ಲಿದ್ದಲಿಗೆ ಆ ಮಾತು ಸರಿ. ವರ್ಧಾ ಕಣಿವೆಯದು ಗೊಂಡ್ವಾನಾ ಕಲ್ಲಿದ್ದಲು, ಗಂಧಕ ಸಾಮಾನ್ಯವಾಗಿ ಶೇ 1ಕ್ಕಿಂತ ಕಡಿಮೆ. ಪೈರೈಟ್‌ನಿಂದ ಹುಟ್ಟುವ ಆಮ್ಲವನ್ನು ಕಲ್ಲಿನಲ್ಲಿರುವ ಕಾರ್ಬೊನೇಟ್ ಅಲ್ಲಲ್ಲೇ ತಣಿಸಿಬಿಟ್ಟರೆ ಪಿಎಚ್ 7.5ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದರೆ ಆ ತಣಿಸುವಿಕೆಯಲ್ಲೇ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿ ನೀರು ಗಡಸಾಗುತ್ತದೆ, ಸಲ್ಫೇಟ್ ಅಂತೂ ಹಾಗೇ ಉಳಿಯುತ್ತದೆ. ಸಲ್ಫೇಟ್ ಮಣ್ಣಿಗೆ ಅಂಟುವುದು ಕಡಿಮೆ, ನೀರಿನ ಜೊತೆಗೇ ಸಾಗುತ್ತದೆ. ಗಣಿಯ ನೀರು ಎಲ್ಲಿಯವರೆಗೆ ತಲುಪಿದೆ ಎಂಬುದಕ್ಕೆ ಅದಕ್ಕಿಂತ ಅಗ್ಗದ, ನಂಬಿಗಸ್ತ ಸಾಕ್ಷಿ ಇನ್ನೊಂದಿಲ್ಲ. ವಿಪರ್ಯಾಸ ನೋಡಿ: ಗಣಿಯಿಂದ ಹೊರಬಿಡುವ ನೀರಿಗೆ 2000ದ ಸೆಪ್ಟೆಂಬರ್ 25ರ ಅಧಿಸೂಚನೆ ಇಟ್ಟ ಮುಖ್ಯ ಮಿತಿಗಳು ಪಿಎಚ್ 5.5ರಿಂದ 9, ತೇಲುಕಣ ಲೀಟರಿಗೆ 100 ಮಿ.ಗ್ರಾಂ, ಎಣ್ಣೆ ಮತ್ತು ಜಿಡ್ಡು 10, ನೈಟ್ರೇಟ್ ನೈಟ್ರೋಜನ್ 10. ಇದರಲ್ಲಿ ಸಲ್ಫೇಟ್ ಇಲ್ಲ. ಅಂದಮೇಲೆ ಎಲ್ಲ ಮಿತಿಗಳನ್ನೂ ಪಾಲಿಸಿದ ನೀರು ಪಕ್ಕದ ಬಾವಿಯನ್ನು ಕುಡಿಯಲಾಗದಂತೆ ಮಾಡಬಹುದು. ಕುಡಿಯುವ ನೀರಿನ ಐಎಸ್ 10500 ಮಾನದಂಡದಲ್ಲಿ ಸಲ್ಫೇಟ್‌ಗೆ 200, ಬೇರೆ ಮೂಲವೇ ಇಲ್ಲದಿದ್ದರೆ 400 ಮಿ.ಗ್ರಾಂ.

ಅದೇ ಅಧಿಸೂಚನೆಯ ನೈಟ್ರೇಟ್ ಅಂಕಿಯಲ್ಲೂ ಒಂದು ಗುಂಡಿ ಇದೆ. ‘ನೈಟ್ರೇಟ್ ನೈಟ್ರೋಜನ್ 10’ ಅಂದರೆ ನೈಟ್ರೇಟ್‌ನಲ್ಲಿರುವ ನೈಟ್ರೋಜನ್ ಮಾತ್ರ 10, ಪೂರ್ತಿ ನೈಟ್ರೇಟ್ ಲೆಕ್ಕದಲ್ಲಿ ಅದು 44. ಕುಡಿಯುವ ನೀರಿನ ಮಿತಿ 45. ವರದಿಯಲ್ಲಿ ಬರೀ ‘ನೈಟ್ರೇಟ್: 12’ ಎಂದು ಬರೆದರೆ ಅದು ನೆಮ್ಮದಿಯ ಸುದ್ದಿಯೂ ಆಗಬಹುದು, ಮಿತಿ ಮೀರಿದ್ದೂ ಆಗಬಹುದು. ಯಾವ ಲೆಕ್ಕ ಎಂದು ಪ್ರತಿ ಸಾಲಿನಲ್ಲೂ ಬರೆಯಿಸಿ. ಗಣಿಯಲ್ಲಿ ನೈಟ್ರೇಟ್ ಬರುವುದು ಸ್ಫೋಟಕದಿಂದ. ಸಾಮಾನ್ಯವಾಗಿ ಬಳಸುವ ಮಿಶ್ರಣದಲ್ಲಿ ಶೇ 94ರಷ್ಟು ಅಮೋನಿಯಂ ನೈಟ್ರೇಟ್, ಉಳಿದದ್ದು ಡೀಸೆಲ್. ಸಿಡಿಸಲು ಕೊರೆದು ನೀರು ನಿಂತ ತೂತಿಗೆ ಸುರಿದರೆ ಸಿಡಿಯದೆ ಕರಗಿ ಹೋಗುತ್ತದೆ. ಆದರೆ ನೈಟ್ರೇಟ್ ಗೊಬ್ಬರದಿಂದಲೂ ಬರುತ್ತದೆ, ಪಾಯಿಖಾನೆ ಗುಂಡಿಯಿಂದಲೂ ಬರುತ್ತದೆ. ಕ್ಲೋರೈಡ್, ಪೊಟ್ಯಾಸಿಯಂ ಜೊತೆಗೆ ಏರಿದ್ದರೆ ಸಾಮಾನ್ಯವಾಗಿ ಊರಿನ ಕೊಳಚೆ. ಕ್ಲೋರೈಡ್ ಕದಲದೆ ಸಲ್ಫೇಟ್ ಜೊತೆಗೆ ಏರಿದ್ದರೆ ಗಣಿಯ ಕಡೆ ನೋಡಬೇಕು.

ಈಗ ಬಾವಿಗಳಿಗೆ ಬರೋಣ. ಗಣಿ ಓಡುತ್ತಿರುವಾಗ ತಳದ ಹೊಂಡದಿಂದ ಪಂಪ್ ಮಾಡುತ್ತಲೇ ಇರುತ್ತಾರೆ, ಸುತ್ತಲಿನ ಅಂತರ್ಜಲ ಗಣಿಯ ಕಡೆಗೇ ಇಳಿದು ಬರುತ್ತದೆ. ಆ ಅವಧಿಯಲ್ಲಿ ಸುತ್ತಲಿನ ಬಾವಿಗಳಲ್ಲಿ ಕೊರತೆ ಸಾಮಾನ್ಯವಾಗಿ ನೀರಿನದ್ದೇ ಹೊರತು ಗುಣಮಟ್ಟದ್ದಲ್ಲ, ಪ್ರಯೋಗಾಲಯದ ವರದಿ ಚೆನ್ನಾಗಿಯೇ ಬರುತ್ತದೆ. ಪಂಪ್ ನಿಂತ ಮೇಲೆ ಹೊಂಡ ತುಂಬುತ್ತದೆ. ಮಟ್ಟ ಸುತ್ತಲಿನ ಅಂತರ್ಜಲಕ್ಕಿಂತ ಮೇಲೇರಿತೋ, ಹರಿವಿನ ದಿಕ್ಕು ತಿರುಗುತ್ತದೆ. ಬರಾಂಜ್‌ನ ಚರಿತ್ರೆ ಇಲ್ಲಿ ಮುಖ್ಯವಾಗುವುದು ಇದಕ್ಕೇ. ಅಗೆತ, ವರ್ಷಗಟ್ಟಲೆ ಬಿಡುವು, ಮತ್ತೆ ಅಗೆತ. ಮೂರು ಘಟ್ಟಗಳ ಬಾವಿ ಮಟ್ಟ ಮತ್ತು ಹೊಂಡದ ಮಟ್ಟವನ್ನು ಒಂದೇ ನಕ್ಷೆಯ ಮೇಲೆ ಇಟ್ಟರೆ ನೀರು ಯಾವಾಗ ಯಾವ ಕಡೆ ಹರಿಯಿತು ಎಂದು ತಿಳಿಯುತ್ತದೆ. ಮಟ್ಟ ಬೇರೆ ಕಡತ, ಗುಣಮಟ್ಟ ಬೇರೆ ಕಡತ ಎಂದಿಟ್ಟರೆ ಎರಡೂ ಮೂಗ. ಹೊಂಡದ ನೀರಿನ ಮಟ್ಟವನ್ನು, ಅದರ ಸಲ್ಫೇಟನ್ನು, ಪಂಪ್ ಓಡಿದ ಗಂಟೆಗಳನ್ನು ದಿನವಹಿ ಬರೆದಿಡುವುದು ದೊಡ್ಡ ಕೆಲಸವೇನಲ್ಲ.

ಪೀಜೋಮೀಟರ್ (ಅಂತರ್ಜಲವನ್ನು ಅಳೆಯಲೆಂದೇ ಇಳಿಸುವ ಕೊಳವೆ) ಕೊರೆಯುವಾಗ ಆಗುವ ಸಾಮಾನ್ಯ ತಪ್ಪು, ಮೇಲಿಂದ ಕೆಳಗಿನವರೆಗೆ ತೂತಿನ ಪೈಪು ಇಳಿಸಿಬಿಡುವುದು. ಈ ಕಣಿವೆಯಲ್ಲಿ ಕಪ್ಪು ಮಣ್ಣಿನ ಕೆಳಗೆ ಕಾಮ್ಠಿ ಮರಳುಗಲ್ಲು ಇದೆ, ಊರವರ ನೀರೆಲ್ಲ ಹೆಚ್ಚಾಗಿ ಅದರಿಂದಲೇ. ಅದರಡಿ ಕಲ್ಲಿದ್ದಲು ಹೊತ್ತ ಬರಾಕರ್ ಪದರ. ಎರಡಕ್ಕೂ ತೆರೆದುಕೊಂಡ ಕೊಳವೆಯಲ್ಲಿ ಸಿಗುವುದು ಕಲಬೆರಕೆ ನೀರು, ಜೊತೆಗೆ ಆ ಕೊಳವೆಯೇ ಒಂದು ಪದರದ ನೀರನ್ನು ಇನ್ನೊಂದಕ್ಕೆ ಇಳಿಸುವ ದಾರಿಯಾಗುತ್ತದೆ. ಪದರಕ್ಕೊಂದು ಕೊಳವೆ, ತೂತಿನ ಭಾಗದ ಸುತ್ತ ಜಲ್ಲಿ, ಅದರ ಮೇಲೆ ಬೆಂಟೊನೈಟ್ ಎಂಬ ಉಬ್ಬುವ ಜೇಡಿಯ ಬೆಣೆ, ನೆಲಮಟ್ಟದಲ್ಲಿ ಸಿಮೆಂಟಿನ ಕಟ್ಟೆ, ಬೀಗವಿರುವ ಮುಚ್ಚಳ. ಪೈಪಿನ ಬಾಯಿಯ ಎತ್ತರವನ್ನು ಸಮುದ್ರ ಮಟ್ಟದಿಂದ ಸೆಂಟಿಮೀಟರ್‌ವರೆಗೆ ಸರ್ವೆ ಮಾಡಿಸಬೇಕು. ಇಲ್ಲದಿದ್ದರೆ ಎರಡು ಬಾವಿಗಳ ಮಟ್ಟ ಹೋಲಿಸುವಂತೆಯೇ ಇಲ್ಲ. ಹರಿವಿನ ಮೇಲ್ಭಾಗದಲ್ಲಿ, ಗಣಿಯ ಗಾಳಿ ನೀರು ಸೋಕದ ಕಡೆ, ಪದರಕ್ಕೊಂದರಂತೆ ಹೋಲಿಕೆ ಬಾವಿ ಇರಲೇಬೇಕು. ಗಣಿ ಹತ್ತಿರ ಬಂದಂತೆಲ್ಲ ಹಳೆಯ ಬಾವಿಗಳು ಅಗೆತದಲ್ಲೇ ಮಾಯವಾಗುತ್ತವೆ, ಪಟ್ಟಿಯಲ್ಲಿ ಮಾತ್ರ ಉಳಿಯುತ್ತವೆ, ಲೆಕ್ಕಕ್ಕುಂಟು ಆಟಕ್ಕಿಲ್ಲ ಎಂಬಂತೆ. ಕಳೆದುಹೋದ ಬಾವಿಗೆ ಬದಲಿ ಕೊರೆದು, ಕನಿಷ್ಠ ಒಂದು ಮಳೆಗಾಲ ಎರಡನ್ನೂ ಒಟ್ಟಿಗೆ ಅಳೆದ ಮೇಲೆಯೇ ಹಳೆಯದನ್ನು ಬಿಡಬೇಕು.

ಮಾದರಿ ತೆಗೆಯುವ ಕ್ಷಣವನ್ನು ಹತ್ತಿರದಿಂದ ನೋಡಿ. 100 ಮಿ.ಮೀ. ವ್ಯಾಸದ ಕೊಳವೆಯಲ್ಲಿ 40 ಮೀಟರ್ ನೀರು ನಿಂತಿದ್ದರೆ ಅದರಲ್ಲಿರುವುದು ಸುಮಾರು 314 ಲೀಟರ್. ತಿಂಗಳುಗಟ್ಟಲೆ ಪೈಪಿನಲ್ಲಿ ನಿಂತ ಆ ನೀರು ಪದರದ ನೀರಲ್ಲ. ಮೂರು ಪಟ್ಟು, ಅಂದರೆ 940 ಲೀಟರ್ ಹೊರಹಾಕಬೇಕು. ಕೈಪಂಪಿನಲ್ಲಿ ನಿಮಿಷಕ್ಕೆ 12 ಲೀಟರ್ ಬಂದರೆ ಅದು ಒಂದೂಕಾಲು ಗಂಟೆಯ ಕೆಲಸ. ಜೀಪು ನಿಲ್ಲಿಸಿ ಹತ್ತು ಸಲ ಹೊಡೆದು ಬಾಟಲಿ ತುಂಬಿ ಹೊರಟರೆ ಆ ವರದಿಯಲ್ಲಿ ಇರುವುದು ತುಕ್ಕು ಹಿಡಿದ ಪೈಪಿನ ಜಾತಕ. ಹೊರಹಾಕುತ್ತಿರುವಾಗ ಐದೈದು ನಿಮಿಷಕ್ಕೆ ಪಿಎಚ್ ಮತ್ತು ವಿದ್ಯುತ್ ವಾಹಕತೆ (ಕರಗಿದ ಲವಣ ಹೆಚ್ಚಿದಷ್ಟೂ ಏರುವ ಅಂಕಿ) ಬರೆದುಕೊಳ್ಳಬೇಕು. ಸತತ ಮೂರು ಓದುಗಳಲ್ಲಿ ಪಿಎಚ್ 0.1ರೊಳಗೆ, ವಾಹಕತೆ ಶೇ 3ರೊಳಗೆ ನಿಂತ ಮೇಲೆ ಬಾಟಲಿ.

ಬಾಟಲಿಗಳೂ ಒಂದಲ್ಲ. ಲೋಹಗಳಿಗಾದರೆ ಬಾವಿಯ ಬಳಿಯಲ್ಲೇ 0.45 ಮೈಕ್ರಾನ್ ಶೋಧಕದಲ್ಲಿ ಸೋಸಿ, ಆಮೇಲೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಇಳಿಸಬೇಕು. ಕ್ರಮ ತಲೆಕೆಳಗಾದರೆ, ಅಂದರೆ ಕದಡಿದ ನೀರಿಗೆ ಮೊದಲು ಆಮ್ಲ ಹಾಕಿದರೆ, ಜೇಡಿಮಣ್ಣಿಗೆ ಅಂಟಿದ ಕಬ್ಬಿಣ, ಮ್ಯಾಂಗನೀಸ್ ಕರಗಿ ಅಂಕಿ ಏರುತ್ತದೆ. ಆಮ್ಲವನ್ನೇ ಹಾಕದಿದ್ದರೆ ನಾಗಪುರದ ಪ್ರಯೋಗಾಲಯ ಸೇರುವಷ್ಟರಲ್ಲಿ ಕರಗಿದ ಕಬ್ಬಿಣ ಗಾಳಿ ಸೋಕಿ ಕಂದು ಗಷ್ಟಾಗಿ ತಳ ಹಿಡಿಯುತ್ತದೆ, ಜೊತೆಗೆ ಆರ್ಸೆನಿಕ್ಕನ್ನೂ ಎಳೆದುಕೊಂಡು ಇಳಿಯುತ್ತದೆ. ಮೇಲಿನ ತಿಳಿ ನೀರನ್ನು ಪರೀಕ್ಷಿಸಿ ‘ಎಲ್ಲ ಮಿತಿಯೊಳಗೆ’ ಎಂದು ಬರೆದವರು ಸುಳ್ಳು ಹೇಳಿರುವುದಿಲ್ಲ, ಸುಳ್ಳು ಬಾಟಲಿಯಲ್ಲೇ ಇರುತ್ತದೆ. ನೈಟ್ರೇಟ್‌ಗೆ ಆಮ್ಲವಿಲ್ಲದ ಬಾಟಲಿ, ಮಂಜುಗಡ್ಡೆಯ ಪೆಟ್ಟಿಗೆ, 48 ಗಂಟೆಯೊಳಗೆ ಪರೀಕ್ಷೆ. ಕ್ಷಾರೀಯತೆಯನ್ನು ಅಲ್ಲಿಯೇ ಟೈಟ್ರೇಟ್ ಮಾಡುವುದು, ಅಂದರೆ ಆಮ್ಲ ಹನಿಸಿ ಅಳೆಯುವುದು, ಒಳ್ಳೆಯದು. ಹತ್ತು ಮಾದರಿಗೊಂದು ಜೋಡಿ ಮಾದರಿ ಮತ್ತು ಶುದ್ಧ ನೀರು ತುಂಬಿದ ಒಂದು ಖಾಲಿ ಮಾದರಿ, ಪ್ರಯೋಗಾಲಯಕ್ಕೆ ಗುರುತು ಸಿಗದ ಹೆಸರಿನಲ್ಲಿ.

ವರದಿ ಬಂದ ಮೇಲೆ ಯಾರಾದರೂ ಕೂಡಿ ಕಳೆಯಬೇಕು. ನೀರಿನಲ್ಲಿ ಕರಗಿದ ಲವಣ ವಿದ್ಯುದಂಶ ಹೊತ್ತ ಕಣಗಳಾಗಿ, ಅಂದರೆ ಅಯಾನುಗಳಾಗಿ ಇರುತ್ತದೆ; ಧನ ಅಯಾನುಗಳ ಮತ್ತು ಋಣ ಅಯಾನುಗಳ ಒಟ್ಟು ವಿದ್ಯುದಂಶ ಸಮನಾಗಿರಲೇಬೇಕು. ಲೆಕ್ಕದ ಮಟ್ಟಿಗೆ ಒಂದು ಕಲ್ಪಿತ ವರದಿ: ಕ್ಯಾಲ್ಸಿಯಂ 120, ಮೆಗ್ನೀಸಿಯಂ 48, ಸೋಡಿಯಂ 69, ಪೊಟ್ಯಾಸಿಯಂ 4, ಬೈಕಾರ್ಬೊನೇಟ್ 305, ಕ್ಲೋರೈಡ್ 71, ಸಲ್ಫೇಟ್ 150, ನೈಟ್ರೇಟ್ 20, ಎಲ್ಲ ಮಿ.ಗ್ರಾಂ.ನಲ್ಲಿ. ತೂಕದಿಂದ ಮಿಲಿಈಕ್ವಿವಲೆಂಟ್‌ಗೆ (ವಿದ್ಯುದಂಶದ ಲೆಕ್ಕದ ಮಾನಕ್ಕೆ) ಇಳಿಸಿದರೆ ಧನದ ಮೊತ್ತ 13.0, ಋಣದ್ದು 10.4. ಎರಡನ್ನೂ ಕೂಡಿದ ಮೊತ್ತಕ್ಕೆ ಅಂತರ ಶೇ 11. ಶೇ 5 ದಾಟಿದರೆ ವರದಿಯನ್ನು ವಾಪಸ್ ಕಳಿಸಬೇಕು. ಕೊರತೆಯಿರುವ 2.6ರಷ್ಟನ್ನು ಸಲ್ಫೇಟ್ ಒಂದೇ ತುಂಬಬೇಕೆಂದರೆ ಅದು 150 ಅಲ್ಲ, 275. ಹೀಗೆ ಆಗುವುದಕ್ಕೆ ಒಂದು ಮಾಮೂಲಿ ಕಾರಣವಿದೆ. ಬೇರಿಯಂ ಹಾಕಿ ಮಸುಕನ್ನು ಅಳೆಯುವ ವಿಧಾನ ನೇರವಾಗಿ ಕೆಲಸ ಮಾಡುವುದು 40 ಮಿ.ಗ್ರಾಂವರೆಗೆ. ಅದಕ್ಕಿಂತ ಹೆಚ್ಚಿದ್ದರೆ ಮಾದರಿಯನ್ನು ತಕ್ಕಷ್ಟು ತೆಳು ಮಾಡಬೇಕು. ತೆಳು ಮಾಡಿದ್ದು ಸಾಲದಿದ್ದರೆ ಅಂಕಿ ಮೇಲೇರದೆ ನಿಂತುಬಿಡುತ್ತದೆ. ಐದು ನಿಮಿಷದ ಈ ಲೆಕ್ಕ 200ರ ಮಿತಿಯೊಳಗಿದ್ದ ಬಾವಿಯನ್ನು ಮಿತಿಯಾಚೆ ನಿಲ್ಲಿಸಿತು. ವರದಿಯಲ್ಲಿ ಎಂಟೂ ಅಯಾನುಗಳು ಇದ್ದರೆ ಮಾತ್ರ ಈ ತಪಾಸಣೆ ಸಾಧ್ಯ. ನಾಲ್ಕೇ ನಾಲ್ಕು ಅಂಶ ಪರೀಕ್ಷಿಸುವ ಉಳಿತಾಯದಲ್ಲಿ ಕಳೆದುಹೋಗುವುದು ಇದು.

‘ಪತ್ತೆ ಮಿತಿಗಿಂತ ಕಡಿಮೆ’ ಎಂಬ ಒಕ್ಕಣೆಗೂ ಇದೇ ಮಾತು. ಆರ್ಸೆನಿಕ್‌ನ ಮಿತಿ 0.01 ಇರುವಾಗ 0.05ರ ಕೆಳಗೆ ಕಾಣದ ಉಪಕರಣದಿಂದ ಆ ಮಾತು ಹೇಳಿಸಿದರೆ ಅದಕ್ಕೆ ಅರ್ಥವಿಲ್ಲ. ಪತ್ತೆ ಮಿತಿ ಎಷ್ಟು ಎಂದು ಅಂಕಿಯಲ್ಲಿ ಬರಲಿ.

ಎಲ್ಲ ಕೇಡನ್ನೂ ಗಣಿಯ ತಲೆಗೆ ಕಟ್ಟುವುದೂ ಸರಿಯಲ್ಲ. ಚಂದ್ರಪುರದ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಕಲ್ಲಿನಿಂದಲೇ ಬರುತ್ತದೆ. ಒಂದು ಬಾವಿಯಲ್ಲಿ ಫ್ಲೋರೈಡ್ 1.5 ದಾಟಿದ್ದನ್ನು ತೋರಿಸಿ ನಿಗಮವನ್ನು ಹಳಿಯುವವರಿಗೆ ಹೋಲಿಕೆ ಬಾವಿಯ ಅಂಕಿಯೇ ಉತ್ತರ. ಇದರ ಇನ್ನೊಂದು ಮಗ್ಗುಲು ಹೆಚ್ಚು ಸ್ವಾರಸ್ಯದ್ದು: ನೀರಿನಲ್ಲಿ ಕ್ಯಾಲ್ಸಿಯಂ ಏರಿದರೆ ಫ್ಲೋರೈಡ್ ಕರಗುವುದು ಕಡಿಮೆಯಾಗುತ್ತದೆ. ಆದ್ದರಿಂದ ಬಾವಿಯೊಂದರಲ್ಲಿ ಫ್ಲೋರೈಡ್ ಇಳಿದು ಗಡಸುತನ, ಸಲ್ಫೇಟ್ ಏರಿದ್ದರೆ ‘ಸುಧಾರಣೆ’ ಎಂದು ವರದಿ ಮಾಡುವ ಮೊದಲು ಗಣಿಯ ನೀರು ತಲುಪಿತೇ ಎಂದು ನೋಡಿ.

ನಾಲೆಯ ವಿಷಯದಲ್ಲಿ ಸಾಂದ್ರತೆ ಮಾತ್ರ ಅಳೆದರೆ ಅರ್ಧ ಲೆಕ್ಕ. ಹರಿವೂ ಬೇಕು. ಗಣಿಯ ನೀರಿನ ಕಣಗಳನ್ನು ತಳದಲ್ಲಿ ನೆಲೆಗೊಳಿಸುವ ಕೊಳದ ಹೊರಬಾಯಿಯಲ್ಲಿ 90 ಡಿಗ್ರಿಯ ವಿ-ನಾಚ್ ಹಲಗೆ (V ಆಕಾರದ ಕಚ್ಚು ಇರುವ ಹಲಗೆ) ಕೂರಿಸಿ. ನೀರಿನ ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಂಡು 2.5ರ ಘಾತಕ್ಕೇರಿಸಿ 1.38ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಘನಮೀಟರ್ ಎಂದು ಬರುತ್ತದೆ. 20 ಸೆಂ.ಮೀ. ಎತ್ತರಕ್ಕೆ ಸುಮಾರು 25 ಲೀಟರ್. ಆ ನೀರಿನಲ್ಲಿ ಸಲ್ಫೇಟ್ 600 ಇದ್ದರೆ ದಿನಕ್ಕೆ 1.3 ಟನ್ ನಾಲೆಗಿಳಿಯಿತು ಎಂದಾಯಿತು. ಎತ್ತರವನ್ನು ಹಲಗೆಯ ಬಾಯಲ್ಲಿ ಅಳೆಯಬಾರದು, ಅಲ್ಲಿ ನೀರು ಬಾಗಿ ಇಳಿಯುತ್ತಿರುತ್ತದೆ. ಎತ್ತರದ ನಾಲ್ಕು ಪಟ್ಟು ಹಿಂದೆ, ಇಲ್ಲಿ 80 ಸೆಂ.ಮೀ. ಹಿಂದಕ್ಕೆ ಅಳೆಯಬೇಕು. 20 ಇರುವಲ್ಲಿ 17 ಎಂದು ಓದಿದರೆ ಮೂರನೇ ಒಂದು ಭಾಗ ನೀರು ಲೆಕ್ಕದಿಂದ ಮಾಯ.

ತೇಲುಕಣಕ್ಕೆ ನಾಲೆಯ ಮೇಲ್ಗಡೆಯ ಮಾದರಿ ಕಡ್ಡಾಯ, ಏಕೆಂದರೆ ಕರಿಮಣ್ಣಿನ ನಾಡಿನಲ್ಲಿ ಮಳೆ ಬಂದರೆ ಗಣಿ ಇಲ್ಲದ ಹಳ್ಳವೂ ಕೆಸರಿನಂತೆ ಕದಡುತ್ತದೆ. ಕೆಳಗಿನ ಮಾದರಿಯನ್ನು ಕೊಳದ ನೀರು ಸೇರುವ ಜಾಗದಲ್ಲೇ ದಡದಿಂದ ಮೊಗೆಯಬೇಡಿ. ಎರಡು ನೀರು ಬೆರೆತದ್ದನ್ನು ವಾಹಕತೆಯ ಮೀಟರ್ ಹಿಡಿದು ದಡದಿಂದ ದಡಕ್ಕೆ ನೋಡಿ ಖಚಿತ ಮಾಡಿಕೊಂಡು, ಅಲ್ಲಿ ತೆಗೆಯಿರಿ. ದಿನದಲ್ಲಿ 25 ಮಿ.ಮೀ. ಮಳೆ ದಾಟಿದಾಗಲೆಲ್ಲ ಒಂದು ಮಾದರಿ ಎಂಬ ನಿಯಮವನ್ನು ನಿಗಮ ತಾನೇ ಹಾಕಿಕೊಳ್ಳಲಿ. ರಸ್ತೆ ಕೆಸರಾಗಿ ಮಾದರಿಯವರು ಹೋಗಲಾಗದ ದಿನವೇ ಕೊಳ ತುಂಬಿ ಅಡ್ಡದಾರಿಯಲ್ಲಿ ಹರಿಯುವುದು.

ಹಾಗಾಗಿಯೇ ಯಂತ್ರ ಬೇಕು. ಕೇಂದ್ರ ಅಂತರ್ಜಲ ಪ್ರಾಧಿಕಾರದ 2020ರ ಮಾರ್ಗಸೂಚಿ ಗಣಿಗಳ ಸುತ್ತ ವೀಕ್ಷಣಾ ಬಾವಿಗಳನ್ನೂ ಡಿಜಿಟಲ್ ಮಟ್ಟಮಾಪಕವನ್ನೂ ಹೇಗೂ ಕೇಳುತ್ತದೆ. ಅದೇ ಕೊಳವೆಗಳಲ್ಲಿ, ನಾಲೆಯ ಮೇಲೆ ಕೆಳಗೆ ಎರಡು ಕಡೆಗಳಲ್ಲಿ, ವಾಹಕತೆಯನ್ನೂ ದಾಖಲಿಸುವ ಲಾಗರ್ ಇಡಿ, ಹದಿನೈದು ನಿಮಿಷಕ್ಕೊಂದು ಓದು. ಸಲ್ಫೇಟ್ ಏರಿದರೆ ವಾಹಕತೆ ಏರುತ್ತದೆ. ಪ್ರಯೋಗಾಲಯದ ಅಂಕಿಗಳ ಜೊತೆ ಹೋಲಿಸುತ್ತ ಹೋದರೆ ಈ ಜಾಗಕ್ಕೇ ಹೊಂದುವ ಗೆರೆ ಸಿಗುತ್ತದೆ. ಲಾಗರ್ ಕೆಡುವುದು ಎರಡು ರೀತಿ. ಕಬ್ಬಿಣದ ಗಷ್ಟು, ಪಾಚಿ ಕೂತು ಓದು ಮೆಲ್ಲಗೆ ಸರಿಯುತ್ತದೆ, ಅದಕ್ಕೆ ತಿಂಗಳಿಗೊಮ್ಮೆ ಒರೆಸಿ, ವಾಹಕತೆ 1413 ಮೈಕ್ರೋಸೀಮೆನ್ಸ್ ಎಂದು ಗೊತ್ತಿರುವ ದ್ರಾವಣದಲ್ಲಿ ಪರೀಕ್ಷಿಸಬೇಕು. ಮಟ್ಟದ ಸಂವೇದಕ ವಾತಾವರಣದ ಒತ್ತಡವನ್ನೂ ನೀರೆಂದೇ ಎಣಿಸುತ್ತದೆ. 10 ಮಿಲಿಬಾರ್ ವ್ಯತ್ಯಾಸ ಅಂದರೆ 10 ಸೆಂ.ಮೀ. ತಪ್ಪು. ನೆಲದ ಮೇಲೊಂದು ಒತ್ತಡಮಾಪಕ ಇಟ್ಟು ಕಳೆಯಬೇಕು.

ಅನುಮತಿ ಪಡೆದ ಗಣಿಗಳು ವರ್ಷಕ್ಕೆರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಪಾಲನಾ ವರದಿ ಸಲ್ಲಿಸುತ್ತವೆ. ಅದರಲ್ಲಿ ಸಿಗುವುದು ಸಾಮಾನ್ಯವಾಗಿ ‘ಪಾಲಿಸಲಾಗುತ್ತಿದೆ’ ಎಂಬ ಸಾಲು ಮತ್ತು ಸ್ಕ್ಯಾನ್ ಮಾಡಿದ ಮಸುಕು ಹಾಳೆ. ನಾವು ಕೇಳುವುದು: 2008ರಿಂದ ಇಲ್ಲಿಯವರೆಗಿನ ಎಲ್ಲ ಬಾವಿ, ನಾಲೆ, ಹೊಂಡದ ಅಂಕಿಗಳನ್ನು ಬಾವಿಯ ಅಕ್ಷಾಂಶ ರೇಖಾಂಶ, ಆಳ, ಪದರ, ಪೈಪಿನ ಬಾಯಿಯ ಎತ್ತರ, ಮಾದರಿಯ ದಿನಾಂಕ, ಪ್ರಯೋಗಾಲಯದ ವಿಧಾನ, ಪತ್ತೆ ಮಿತಿ ಸಹಿತ ಒಂದು ತೆರೆದ ಕೋಷ್ಟಕವಾಗಿ ನಿಗಮದ ಜಾಲತಾಣದಲ್ಲಿ ಹಾಕಿ. ಬಿಡುವಿನ ವರ್ಷಗಳಲ್ಲಿ ಯಾರೂ ಅಳೆಯಲಿಲ್ಲ ಎಂದಾದರೆ ಆ ಸಾಲುಗಳನ್ನು ಖಾಲಿಯಾಗಿಯೇ ಬಿಡಿ, ತುಂಬಲು ಹೋಗಬೇಡಿ. ಗ್ರಾಮ ಪಂಚಾಯಿತಿಗಳ ಫಲಕದ ಮೇಲೆ ಆ ಊರಿನ ಕೈಪಂಪುಗಳ ಅಂಕಿ ಮರಾಠಿಯಲ್ಲಿ ಬರಲಿ.

ಕೊನೆಯದಾಗಿ, ಅಂಕಿ ಮಿತಿ ದಾಟಿದಾಗ ಏನು ಎಂಬುದು ಮೊದಲೇ ಬರೆದಿರಬೇಕು. ಹೋಲಿಕೆ ಬಾವಿಯಲ್ಲಿ ಏರಿಕೆ ಕಾಣದೆ ಕೆಳಗಿನ ಬಾವಿಯಲ್ಲಿ ಸಲ್ಫೇಟ್ 200 ದಾಟಿದರೆ ಹದಿನೈದು ದಿನದೊಳಗೆ ಮರುಮಾದರಿ. ಮತ್ತೆ ದಾಟಿದರೆ ಆ ಊರಿಗೆ ನಿಗಮದ ಖರ್ಚಿನಲ್ಲಿ ಟ್ಯಾಂಕರ್ ಅಲ್ಲ, ಬೇರೆ ಮೂಲದಿಂದ ನಲ್ಲಿ. ಬರಿಯ ಆರ್‌ಓ ಘಟಕ ಕೂರಿಸಿದರೆ ಅದು ಹೊರಹಾಕುವ ಉಪ್ಪುನೀರು ಮತ್ತೆ ಅದೇ ನಾಲೆಗೆ ಹೋಗುತ್ತದೆ. ಈ ಕ್ರಮಗಳಿಗೆ ಸಹಿ ಹಾಕುವ ಅಧಿಕಾರಿಯ ಹುದ್ದೆ ಯಾವುದು ಎಂದು ಮುಂದಿನ ಪಾಲನಾ ವರದಿಯಲ್ಲೇ ತಿಳಿಸಿ.

ಇಂತಿ,
ಅಂತರ್ಜಲ ಮತ್ತು ನೀರಿನ ರಸಾಯನದ ಕೆಲಸ ಮಾಡುವ ಕೆಲವರು